ವ್ಯಾನಿನ ವಿದ್ಯುತ್ ವ್ಯವಸ್ಥೆ: ಬ್ಯಾಟರಿಗಿಂತ ಮೊದಲು ವೈರಿನ ಲೆಕ್ಕ

ಟೆಂಪೊ ಟ್ರಾವೆಲರ್‌ನಂತಹ ವಾಹನದೊಳಗೆ ಹಾಸಿಗೆ, ಅಡುಗೆ ಕಟ್ಟೆ ಮಾಡಿಸಿಕೊಂಡು ಊರೂರು ಸುತ್ತುವವರ ಆರಂಭದ ವಿದ್ಯುತ್ ವ್ಯವಸ್ಥೆ ಬಹುತೇಕ ಒಂದೇ ತೆರನಾಗಿರುತ್ತದೆ. ಸೀಟಿನಡಿ ಮನೆಯಿಂದ ತಂದ 150 ಎಎಚ್ (ಆಂಪಿಯರ್-ಅವರ್) ಸಾಮರ್ಥ್ಯದ ಟ್ಯೂಬ್ಯುಲರ್ ಲೆಡ್-ಆಸಿಡ್ ಬ್ಯಾಟರಿ, ಪಕ್ಕದಲ್ಲೊಂದು ಸಣ್ಣ ಇನ್ವರ್ಟರ್, ಚಾವಣಿಯ ಮೇಲೊಂದು ಸೋಲಾರ್ ಪ್ಯಾನೆಲ್. ದೀಪ, ಫ್ಯಾನು, ಮೊಬೈಲಿಗೆ ಇದು ಸಾಕು. ಫ್ರಿಜ್ ಬಂದ ದಿನದಿಂದ ಸಾಲದಾಗುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ದೊಡ್ಡ ಲಿಥಿಯಂ ಬ್ಯಾಟರಿ ಕೊಂಡು ಹಳೆಯ ವೈರುಗಳಿಗೇ ಸಿಕ್ಕಿಸುವುದು. ಅದು ಅಪಾಯಕಾರಿ. ಏಕೆಂಬುದು ಮುಂದೆ ತಿಳಿಯುತ್ತದೆ.

ಖರ್ಚಿನ ಪಟ್ಟಿ

ಮೊದಲು ಒಂದು ದಿನದ ವಿದ್ಯುತ್ ಬಳಕೆಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. 45 ವ್ಯಾಟ್‌ನ 12 ವೋಲ್ಟ್ ಫ್ರಿಜ್ಜಿನ ಕಂಪ್ರೆಸರ್ ದಿನದ ಶೇ 40ರಷ್ಟು ಹೊತ್ತು ಓಡುತ್ತದೆಂದು ಹಿಡಿದರೆ ಸುಮಾರು 430 ವ್ಯಾಟ್-ಅವರ್ ಆಗುತ್ತದೆ. 30 ವ್ಯಾಟ್‌ನ ಫ್ಯಾನು ಎಂಟು ಗಂಟೆಗೆ 240, ದೀಪಗಳು 100, ಲ್ಯಾಪ್‌ಟಾಪ್ ಮತ್ತು ಮೊಬೈಲುಗಳು 150, ಮಿಕ್ಸಿ 50, ನೀರಿನ ಪಂಪು 15. ಎಲ್ಲವೂ ಸೇರಿ ಹೆಚ್ಚು ಕಡಿಮೆ 1,000 ವ್ಯಾಟ್-ಅವರ್, ಅಂದರೆ ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್. ವ್ಯರ್ಥವಾಗುವ ಪಾಲನ್ನೂ ಸೇರಿಸಿ 1,150 ಎಂದಿಟ್ಟುಕೊಳ್ಳೋಣ.

ಈ ಪಟ್ಟಿಯಲ್ಲಿ ಬರೆಯಲು ಮರೆಯುವ ಬಾಬತ್ತು ಇನ್ವರ್ಟರಿನದು. 2,000 ವ್ಯಾಟ್‌ನ ಇನ್ವರ್ಟರ್, ಏನನ್ನೂ ಓಡಿಸದೆ ಸುಮ್ಮನೆ ಆನ್ ಆಗಿದ್ದರೂ, 15ರಿಂದ 20 ವ್ಯಾಟ್ ನುಂಗಬಹುದು. ದಿನವಿಡೀ ಹಾಗೇ ಬಿಟ್ಟರೆ ಅದೊಂದೇ ಫ್ರಿಜ್ಜಿನಷ್ಟು ತಿನ್ನುತ್ತದೆ. ಆದ್ದರಿಂದ ಮೊಬೈಲು, ಲ್ಯಾಪ್‌ಟಾಪುಗಳಿಗೆ ನೇರವಾಗಿ 12 ವೋಲ್ಟಿನ ಚಾರ್ಜರುಗಳನ್ನೇ ಹಾಕಿಸಿ, ಮಿಕ್ಸಿ ತಿರುಗಿಸುವಾಗ ಮಾತ್ರ ಇನ್ವರ್ಟರ್ ಹಚ್ಚುವುದು ಒಳ್ಳೆಯದು.

ಇಂಡಕ್ಷನ್ ಒಲೆ ಬೇಕೇ ಬೇಡವೇ ಎಂಬುದನ್ನು ಇದೇ ಹಂತದಲ್ಲಿ ತೀರ್ಮಾನಿಸಬೇಕು. 1,800 ವ್ಯಾಟ್‌ನ ಒಲೆ ದಿನಕ್ಕೆ 40 ನಿಮಿಷ ಉರಿದರೆ 1,200 ವ್ಯಾಟ್-ಅವರ್ ಬೇಕು, ಅಂದರೆ ಉಳಿದೆಲ್ಲದರ ಒಟ್ಟು ಖರ್ಚಿಗಿಂತಲೂ ಹೆಚ್ಚು.

ಬ್ಯಾಟರಿ

150 ಎಎಚ್‌ನ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇದ್ದರೂ, ಅದು ಬಹುಕಾಲ ಬಾಳಬೇಕಿದ್ದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. 12.8 ವೋಲ್ಟಿನ, 200 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 2,560 ವ್ಯಾಟ್-ಅವರ್ ಇದ್ದು, ಅದರ ಶೇ 90ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಇಂಡಕ್ಷನ್ ಇಲ್ಲದಿದ್ದರೆ ಬಿಸಿಲೇ ಕಾಣದ ಎರಡು ದಿನಗಳಿಗೆ ಅಷ್ಟು ಸಾಕು. ಇದ್ದರೆ ಒಂದೇ ದಿನಕ್ಕೆ ಬರಿದಾಗುತ್ತದೆ. ತೂಕವೂ ಟ್ಯೂಬ್ಯುಲರ್ ಬ್ಯಾಟರಿಯ ಅರ್ಧಕ್ಕಿಂತ ಕಡಿಮೆ.

ಆದರೆ ಈ ಬಗೆಯ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದರ ಕೋಶಗಳಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆ. ಲಡಾಖಿಗೋ ಸ್ಪಿತಿಗೋ ಹೋಗುವ ಆಲೋಚನೆಯಿದ್ದವರು, ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಚಳಿಯಲ್ಲಿ ತಾನಾಗಿ ಚಾರ್ಜಿಂಗ್ ನಿಲ್ಲಿಸುತ್ತದೆಯೇ ಎಂದು ಕೇಳಿಯೇ ಕೊಳ್ಳಬೇಕು. ಎಂಜಿನ್ನಿನ ಕಾವು ತಟ್ಟುವ ಕಡೆ ಇಡುವುದೂ ಸಲ್ಲದು.

ವೈರು ಮತ್ತು ಫ್ಯೂಸು

ಮನೆಯಲ್ಲಿ 2,000 ವ್ಯಾಟ್‌ನ ಹೀಟರು 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 9 ಆಂಪಿಯರ್. ಅಷ್ಟೇ ಶಕ್ತಿಯನ್ನು 12 ವೋಲ್ಟಿನ ಬ್ಯಾಟರಿಯಿಂದ ಇನ್ವರ್ಟರಿನ ಮೂಲಕ ಪಡೆಯುವಾಗ, ಇನ್ವರ್ಟರಿನಲ್ಲಿ ನಷ್ಟವಾಗುವುದೂ ಸೇರಿ, 185 ಆಂಪಿಯರ್ ಹರಿಯುತ್ತದೆ. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಮನೆಯ ವೈರಿಂಗ್‌ನ ಅಂದಾಜು ಇಲ್ಲಿ ನಡೆಯುವುದಿಲ್ಲ. 2,000 ವ್ಯಾಟ್‌ನ ಇನ್ವರ್ಟರಿಗೆ 70 ಸ್ಕ್ವೇರ್ ಎಂಎಂನ ತಾಮ್ರದ ಕೇಬಲ್ ಹಾಕಿ, ಅದನ್ನು ಆದಷ್ಟು ಗಿಡ್ಡವಾಗಿ ಎಳೆದು, ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿನಿಂದ ಗೇಣುದ್ದದೊಳಗೆ 250 ಆಂಪಿಯರ್ ಫ್ಯೂಸ್ ಕೂರಿಸಬೇಕು. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಕ್ಷಣದಲ್ಲಿ ಸಾವಿರಾರು ಆಂಪಿಯರ್ ಹರಿಯುತ್ತದೆ. ಸಾಮಾನ್ಯ ಫ್ಯೂಸಿನ ತಂತಿ ಕರಗಿದ ಮೇಲೂ ಕಿಡಿಯ ಮೂಲಕ ಕರೆಂಟ್ ಹರಿಯುತ್ತಲೇ ಇರಬಹುದಾದ ಕಾರಣ, ಈ ಒಂದು ಜಾಗಕ್ಕೆ ಅಂಥ ಭಾರಿ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸನ್ನೇ ಹುಡುಕಿ ತರಬೇಕು.

ಫ್ಯೂಸ್ ಇರುವುದು ಉಪಕರಣವನ್ನು ಕಾಯಲು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳವಿದೆ. ಅದು ಕಾಯುವುದು ವೈರನ್ನು. ಆದ್ದರಿಂದ ಬಸ್‌ಬಾರಿನಿಂದ (ವೈರುಗಳೆಲ್ಲ ಕೂಡುವ ಲೋಹದ ಪಟ್ಟಿ) ಕವಲೊಡೆಯುವ ಪ್ರತಿ ವೈರಿಗೂ ಅದರ ದಪ್ಪಕ್ಕೆ ತಕ್ಕ ಫ್ಯೂಸ್ ಬೇಕು. ಮನೆಯ ಎಸಿ ಎಂಸಿಬಿಯನ್ನು (ಕರೆಂಟ್ ಮಿತಿಮೀರಿದಾಗ ತಾನಾಗಿ ಆರುವ ಬ್ರೇಕರ್) ಸೋಲಾರ್ ಅಥವಾ ಬ್ಯಾಟರಿಯ ಡಿಸಿ ಲೈನಿಗೆ ಹಾಕುವ ಅಭ್ಯಾಸವನ್ನು ಬಿಡಲೇಬೇಕು. ಎಸಿಯಲ್ಲಿ ಕರೆಂಟು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುವುದರಿಂದ ಕಿಡಿ ತಾನಾಗಿ ನಂದುತ್ತದೆ. ಡಿಸಿಯಲ್ಲಿ ಅಂಥ ಬಿಡುವೇ ಇಲ್ಲದ ಕಾರಣ ಕಿಡಿ ಹಾಗೇ ಉರಿದು ಬ್ರೇಕರನ್ನೇ ಸುಡಬಹುದು. ಡಿಸಿ ಎಂದು ನಮೂದಿಸಿದ ಬ್ರೇಕರನ್ನು ಕೇಳಿ ಪಡೆಯಿರಿ.

ತೆಳು ವೈರು ಬೆಂಕಿ ಹಚ್ಚದಿದ್ದರೂ ಬೇರೆ ರೀತಿಯಲ್ಲಿ ಕಾಡುತ್ತದೆ. ನಮ್ಮ ವ್ಯಾನಿನ ಫ್ರಿಜ್, ಬ್ಯಾಟರಿಯಲ್ಲಿ 12.1 ವೋಲ್ಟ್ ಇದ್ದಾಗಲೇ ನಡುರಾತ್ರಿ ನಿಂತುಹೋಗುತ್ತಿತ್ತು. ಹೊಸ ಬ್ಯಾಟರಿಗೆ ಹಣ ಹೊಂದಿಸುತ್ತಿದ್ದಾಗ, ಮಲ್ಟಿಮೀಟರನ್ನು ಫ್ರಿಜ್ಜಿನ ಪ್ಲಗ್ಗಿನ ಬಳಿ ಇಟ್ಟು ನೋಡಿದರೆ 11.4 ಮಾತ್ರ. ಆರು ಮೀಟರ್ ದೂರಕ್ಕೆ, ಹೋಗಿ ಬರುವ ಹನ್ನೆರಡು ಮೀಟರ್ ಉದ್ದದ 1.5 ಸ್ಕ್ವೇರ್ ಎಂಎಂ ವೈರು 5 ಆಂಪಿಯರ್ ಹರಿಯುವಾಗ 0.7 ವೋಲ್ಟ್ ತಿನ್ನುತ್ತಿತ್ತು. ಕಂಪ್ರೆಸರ್ ಎದ್ದೇಳುವ ಕ್ಷಣದಲ್ಲಿ ವೋಲ್ಟೇಜ್ ಇನ್ನಷ್ಟು ಕುಸಿದು, ಬ್ಯಾಟರಿ ಖಾಲಿಯಾಯಿತೆಂದು ಫ್ರಿಜ್ ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು. 6 ಸ್ಕ್ವೇರ್ ಎಂಎಂ ವೈರು ಎಳೆದ ಮೇಲೆ ನಷ್ಟ 0.2 ವೋಲ್ಟಿಗಿಂತ ಕೆಳಗಿಳಿಯಿತು, ಹಳೆಯ ಬ್ಯಾಟರಿಯಲ್ಲೇ ಫ್ರಿಜ್ ಬೆಳಗಿನವರೆಗೆ ಓಡಿತು. ಲೆಕ್ಕ ಸರಳ: ಹೋಗಿ ಬರುವ ಒಟ್ಟು ಮೀಟರನ್ನು 0.0175ರಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ, ಆಂಪಿಯರಿನಿಂದ ಗುಣಿಸಿದರೆ ನಷ್ಟವಾಗುವ ವೋಲ್ಟ್ ಸಿಗುತ್ತದೆ. 12 ವೋಲ್ಟಿನಲ್ಲಿ ಅದು 0.36 ದಾಟದಿರಲಿ.

ಚಾರ್ಜಿಂಗ್

ಲಿಥಿಯಂ ಬ್ಯಾಟರಿಯ ಒಳರೋಧ ತೀರಾ ಕಡಿಮೆ. ಅದನ್ನು ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಗಾಡಿಯ ಆಲ್ಟರ್ನೇಟರಿಗೆ ನೇರವಾಗಿ ಅಥವಾ ಬರೀ ರಿಲೇ ಮೂಲಕ ಜೋಡಿಸಿದರೆ ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ. ಟ್ರಾಫಿಕ್ಕಿನಲ್ಲಿ ಗಾಡಿ ಐಡಲ್‌ನಲ್ಲಿ ನಿಂತಾಗ, ತಂಪುಗಾಳಿಯೂ ಸಾಲದೆ ಆಲ್ಟರ್ನೇಟರ್ ಸುಟ್ಟೇಹೋಗಬಹುದು. ನಡುವೆ ಒಂದು ಡಿಸಿ-ಟು-ಡಿಸಿ ಚಾರ್ಜರ್ ಇದ್ದರೆ ಕರೆಂಟಿಗೆ ಮಿತಿ ಬೀಳುತ್ತದೆ. 30 ಆಂಪಿಯರ್‌ನದು ಗಂಟೆಗೆ ಸುಮಾರು 400 ವ್ಯಾಟ್-ಅವರ್ ತುಂಬುತ್ತದೆ, ಹಾಗಾಗಿ ಬೆಂಗಳೂರಿನಿಂದ ಸಕಲೇಶಪುರ ಮುಟ್ಟುವಷ್ಟರಲ್ಲಿ ಒಂದು ದಿನದ ಖರ್ಚು ಹುಟ್ಟಿರುತ್ತದೆ. ಈ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಎರಡೂ ಕಡೆ ಫ್ಯೂಸ್ ಬೇಕು.

ಚಾವಣಿಯ ಮೇಲಿನ 400 ವ್ಯಾಟ್ ಪ್ಯಾನೆಲ್ಲುಗಳು ಮಾರ್ಚ್ ತಿಂಗಳ ಚಿತ್ರದುರ್ಗದ ಬಿಸಿಲಿನಲ್ಲಿ ಒಂದು ಯೂನಿಟ್ಟಿಗೂ ಮಿಕ್ಕಿ ಕೊಡುತ್ತವೆ, ಆಷಾಢದ ಮಲೆನಾಡಿನಲ್ಲಿ ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಕಾದ ಪ್ಯಾನೆಲ್ಲಿನ ಉತ್ಪಾದನೆ ಕುಗ್ಗುವುದರಿಂದ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ತುಂಬುವ ಎಂಪಿಪಿಟಿ ಕಂಟ್ರೋಲರಿಗೆ ಮೊದಲು ಬ್ಯಾಟರಿಯನ್ನು, ಆಮೇಲೆ ಪ್ಯಾನೆಲ್ಲನ್ನು ಜೋಡಿಸಿ. ಬಿಚ್ಚುವಾಗ ಇದೇ ಕ್ರಮ ತಿರುವುಮುರುವು.

ಹೋಮ್‌ಸ್ಟೇಗಳ ಪ್ಲಗ್ಗಿನಿಂದ ಕರೆಂಟ್ ತೆಗೆದುಕೊಳ್ಳುವವರು ಕರೆಂಟ್ ಸೋರಿದರೆ ಕೂಡಲೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಆ ಕೆಲಸಕ್ಕೆ ಇಳಿಯಲೇಬಾರದು. ಅಲ್ಲಿನ ಅರ್ಥಿಂಗ್ ಸರಿಯಿದೆಯೇ ಎಂದು ಟೆಸ್ಟರ್ ಪ್ಲಗ್ ಹಾಕಿ ನೋಡಬೇಕು. ಇನ್ವರ್ಟರಿನ ಕರೆಂಟೂ ಹೊರಗಿನ ಕರೆಂಟೂ ಎಂದಿಗೂ ಕೂಡದಂತೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. 230 ವೋಲ್ಟಿನ ಈ ಭಾಗವನ್ನು ಮಾತ್ರ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಜೋಡಣೆ ಮತ್ತು ಪರೀಕ್ಷೆ

ಉಂಗುರ, ಬಳೆ, ಕೈಗಡಿಯಾರ ತೆಗೆದಿಟ್ಟು, ಮೊದಲು ಹಳೆಯ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ದಪ್ಪ ಕೇಬಲ್ಲಿನ ತುದಿಗೆ ಹಾಕುವ ಲೋಹದ ಲಗ್ಗುಗಳನ್ನು ಸುತ್ತಿಗೆಯಿಂದ ಚಚ್ಚಿ ಕೂರಿಸದೆ ಹೈಡ್ರಾಲಿಕ್ ಕ್ರಿಂಪರಿನಿಂದಲೇ ಒತ್ತಿಸಬೇಕು. ತಗಡಿನ ತೂತಿನಲ್ಲಿ ವೈರು ಹಾಯುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಇರಲಿ, ಇಲ್ಲದಿದ್ದರೆ ಗಾಡಿಯ ಅದುರುವಿಕೆಗೆ ತಗಡಿನ ಅಂಚು ಇನ್ಸುಲೇಶನ್ನನ್ನು ಕೊರೆದುಬಿಡುತ್ತದೆ. ಪ್ರತಿ ವೈರಿನ ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿ. ಕೊನೆಗೆ ಬ್ಯಾಟರಿಯ ಮುಖ್ಯ ಫ್ಯೂಸ್ ಹಾಕಿ, ಇನ್ವರ್ಟರಿನ ಮೇಲೆ ದೊಡ್ಡ ಲೋಡನ್ನು ಇಪ್ಪತ್ತು ನಿಮಿಷ ಓಡಿಸಿ, ಪ್ರತಿ ಲಗ್ಗಿನ ಕಾವನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಬೇಕು. ಕೇಬಲ್ಲಿಗಿಂತ ಲಗ್ಗು ಹೆಚ್ಚು ಬಿಸಿಯಿದ್ದರೆ ಆ ಜೋಡಣೆ ಸಡಿಲವಾಗಿದೆ ಎಂದರ್ಥ. ಬಿಚ್ಚಿ ಹೊಸದಾಗಿ ಕ್ರಿಂಪ್ ಮಾಡಬೇಕು. ಮೊದಲ 500 ಕಿಲೋಮೀಟರ್ ಓಡಿದ ಮೇಲೆ, ಮುಖ್ಯ ಸ್ವಿಚ್ ಆರಿಸಿ, ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿ ಮಾಡಿ.