ಕೋಳಿ ಗೂಡಿಗೆ ಕಳ್ಳ ಬರುವುದು ಬುಡದಿಂದ

ಹೋದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಐದೂವರೆಗೆ ಹಿತ್ತಲ ಬಾಗಿಲು ತೆರೆದೆ. ಹುಂಜ ಕೂಗಿರಲಿಲ್ಲ. ನುಗ್ಗೆ ಮರದ ಬುಡದಲ್ಲಿ ಪುಕ್ಕದ ರಾಶಿ, ಅದರಾಚೆ ಒಂದರ ಹಿಂದೊಂದು ಏಳು ಜವಾರಿ ಹೇಂಟೆಗಳು. ಒಂದನ್ನೂ ತಿಂದಿರಲಿಲ್ಲ. ಬೆನ್ನು, ರೆಕ್ಕೆ ಕಚ್ಚಿ ಎಸೆದು ಹೋಗಿದ್ದವು. ಕಾವಿಗೆ ಕೂತಿದ್ದ ಕಂದು ಹೇಂಟೆ ಮಾತ್ರ ಪಡಸಾಲೆಯ ಬುಟ್ಟಿಯಲ್ಲಿ ಉಳಿದಿತ್ತು. ಆರು ಅಡಿ ಎತ್ತರದ ಜಾಲರಿಯಲ್ಲಿ ಒಂದು ಎಳೆಯೂ ಹರಿದಿರಲಿಲ್ಲ. ನಾಯಿಗಳು ನುಗ್ಗಿದ್ದು ಅದರ ಕೆಳಗಿನಿಂದ.

ಕೊಪ್ಪಳ ಜಿಲ್ಲೆಯ ನಮ್ಮ ಊರಿನದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುವ ಈ ಮಣ್ಣು ಏಪ್ರಿಲ್ ಹೊತ್ತಿಗೆ ಒಣಗಿ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಬಿರುಕು ಜಾಲರಿಯ ಅಡಿಯಲ್ಲೇ ಹಾದರೆ ನಾಯಿಗೆ ಅಗೆಯುವ ಕೆಲಸ ಅರ್ಧ ಮುಗಿದಂತೆ. ಮಣ್ಣಿನ ಹೆಂಟೆಗಳು ಇಡಿಇಡಿಯಾಗಿ ಕಿತ್ತು ಬರುತ್ತವೆ. ಸಿಂಧನೂರು, ಸಿರುಗುಪ್ಪದ ಎರೆ ನೆಲದಲ್ಲಿ ಕೋಳಿ ಸಾಕಿದವರಿಗೂ ಇದು ಗೊತ್ತಿರುವ ಸಂಗತಿಯೇ. ಆದರೂ ನಾವೆಲ್ಲ ದುಡ್ಡು ಸುರಿಯುವುದು ಎತ್ತರಕ್ಕೆ. ಅದರಲ್ಲಿ ಅರ್ಧವನ್ನಾದರೂ ಬುಡಕ್ಕೆ ಹಾಕಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಬಂದವರು ಯಾರೆಂದು ತಿಳಿಯಿರಿ

ಸತ್ತ ಕೋಳಿಯನ್ನು ಸಂಕಟದಲ್ಲಿ ಎತ್ತಿ ಎಸೆಯುವ ಮುನ್ನ ಹತ್ತು ನಿಮಿಷ ನಿಂತು ನೋಡಿ. ಒಂದೇ ದಾಳಿಯಲ್ಲಿ ಹಲವು ಕೋಳಿ ಸತ್ತು, ತಿನ್ನದೆ ಬಿಟ್ಟಿದ್ದರೆ ಅದು ಹೆಚ್ಚಾಗಿ ನಾಯಿಯ ಕೆಲಸ. ನರಿ, ಕಾಡುಬೆಕ್ಕು ಒಂದನ್ನು ಹೊತ್ತೊಯ್ಯುತ್ತವೆ; ಬೇಲಿಯ ಕಡೆಗೆ ಸಾಗಿದ ಪುಕ್ಕದ ಸಾಲು ಗುರುತು ಹೇಳುತ್ತದೆ. ಮುಂಗುಸಿ ತಲೆ, ಕುತ್ತಿಗೆಗೇ ಬಾಯಿ ಹಾಕುತ್ತದೆ. ಮೊಟ್ಟೆ ತಿಂದಿದ್ದರೆ ಒಡೆದ ಚಿಪ್ಪು ಬಿದ್ದಿರುತ್ತದೆ. ಚಿಪ್ಪೂ ಇಲ್ಲದೆ ಮೊಟ್ಟೆ ಮಾಯವಾಗಿದ್ದರೆ ಹಾವನ್ನು ಅನುಮಾನಿಸಿ. ರಾತ್ರಿ ಎಳೆಮರಿಗಳನ್ನು ಬಿಲಕ್ಕೆ ಎಳೆಯುವುದು ಹೆಗ್ಗಣ. ಹಾಡಹಗಲೇ ಅಂಗಳದಿಂದ ಮರಿ ಕಾಣೆಯಾದರೆ ಹದ್ದು, ಕಾಗೆ, ಇಲ್ಲವೇ ಪಕ್ಕದ ಮನೆಯ ಬೆಕ್ಕು.

ಹೊತ್ತನ್ನೂ ಗಮನಿಸಬೇಕು. ಮುಂಗುಸಿ ಹಗಲಿನಲ್ಲಿ ಓಡಾಡುವ ಪ್ರಾಣಿ. ರಾತ್ರಿ ಗೂಡಿಗೆ ಬೀಗ ಹಾಕಿ ನಿಶ್ಚಿಂತೆಯಿಂದ ಮಲಗುವವರ ಕೋಳಿಯನ್ನೂ ಅದು ಬೆಳಿಗ್ಗೆ ಹತ್ತು ಗಂಟೆಗೆ ತಿಪ್ಪೆಯ ಮೇಲೆಯೇ ಹಿಡಿಯುತ್ತದೆ.

ಬುಡ ಕಟ್ಟುವ ಕೆಲಸ

ಗೂಡಿನ ಸುತ್ತ ಒಂದು ಅಡಿ ಆಳದ ಕಾಲುವೆ ತೋಡಿ. ಬೆಸುಗೆ ಹಾಕಿದ ಅರ್ಧ ಇಂಚು ಕಣ್ಣಿನ ಜಾಲರಿಯನ್ನು ಅದರೊಳಗೆ ಇಳಿಸಿ, ತಳದಲ್ಲಿ ಹೊರಗಡೆಗೆ ಒಂದೂವರೆ ಅಡಿ ಮಡಚಿ ಮಣ್ಣು ಮುಚ್ಚಿ. ನಾಯಿ ಗೋಡೆಗೆ ಅಂಟಿಕೊಂಡ ಜಾಗದಲ್ಲೇ ಕೆದರುತ್ತದೆ. ಉಗುರಿಗೆ ಜಾಲರಿ ಸಿಕ್ಕ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಅಗೆಯಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ. ಅಗೆಯಲಾಗದಷ್ಟು ಗಟ್ಟಿ ನೆಲವಿದ್ದರೆ ಜಾಲರಿಯನ್ನು ನೆಲದ ಮೇಲೆಯೇ ಹೊರಕ್ಕೆ ಹಾಸಿ, ಮೇಲೆ ಕಲ್ಲು ಹೇರಿ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಘಟಕಗಳಲ್ಲಿ ಉಳಿಯುವ ಒಡೆದ ಚಪ್ಪಡಿಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೇಳಿದರೆ ಆರು ಮೂಲೆಯ ಕಣ್ಣಿನ ತೆಳು ತಂತಿಯದನ್ನು ಕೊಡುತ್ತಾರೆ. ಅದು ಕೋಳಿಯನ್ನು ಒಳಗೆ ಇಡುತ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ. ಹಣ ಸಾಲದಿದ್ದರೆ ನೆಲದಿಂದ ಮೂರು ಅಡಿಯವರೆಗೆ ಗಟ್ಟಿ ಜಾಲರಿ ಹಾಕಿ, ಮೇಲಿನ ಭಾಗಕ್ಕೆ ತೆಳುವಾದುದನ್ನು ಬಳಸಿ. ಅರ್ಧ ಇಂಚಿನ ಕಣ್ಣು ಏಕೆಂದರೆ, ಅದಕ್ಕಿಂತ ದೊಡ್ಡದಾದರೆ ಇಲಿಗೂ ಹಾವಿಗೂ ದಾರಿಯಾಗುತ್ತದೆ.

ಎರೆ ಮಣ್ಣಿನಲ್ಲಿ ಕಂಬ ನೆಡುವಾಗ ತೋಡಿದ ಮಣ್ಣನ್ನೇ ಗುಂಡಿಗೆ ತುಂಬಬೇಡಿ. ಒಂದು ಮಳೆ, ಒಂದು ಬೇಸಿಗೆ ಕಳೆಯುವುದರೊಳಗೆ ಕಂಬ ಹಲ್ಲಿನಂತೆ ಅಲುಗಾಡುತ್ತದೆ. ಎರಡು ಅಡಿ ಗುಂಡಿ ತೆಗೆದು ಗರಸು, ಕಲ್ಲುಚೂರು ತುಂಬಿ ಹಾರೆಯಿಂದ ಗಟ್ಟಿಸಿ. ಮಾರ್ಚ್ ಕಳೆದ ಮೇಲೆ ವಾರಕ್ಕೊಮ್ಮೆ ಬುಡದ ಸುತ್ತ ನಡೆದು, ಬಿಟ್ಟ ಬಿರುಕಿಗೆ ಗರಸು ಸುರಿಯಿರಿ. ಕೆಂಪು ಮಣ್ಣಿನ ಮಸಾರಿ ನೆಲದವರಿಗೆ ಈ ಕಷ್ಟ ಕಡಿಮೆ.

ಹೊರಗಿನ ಸುತ್ತಿಗೆ ಬಳ್ಳಾರಿ ಜಾಲಿಯ ಮುಳ್ಳಿಗಿಂತ ಅಗ್ಗದ ಕಾವಲು ನನಗೆ ಗೊತ್ತಿಲ್ಲ. ಜಾಲರಿಯಿಂದ ಮೂರು ಅಡಿ ದೂರದಲ್ಲಿ ಕೊಂಬೆಗಳ ಬುಡ ಒಳಕ್ಕೆ, ತುದಿ ಹೊರಕ್ಕೆ ಬರುವಂತೆ ಒತ್ತಾಗಿ ಜೋಡಿಸಿ. ಕಾಯಿ ಬಿಟ್ಟ ಕೊಂಬೆ ತರಬೇಡಿ, ಅದರ ಬೀಜದಿಂದ ಹಿತ್ತಲೇ ಜಾಲಿ ಮೆಳೆಯಾದೀತು.

ಬಾಗಿಲು ಮತ್ತು ಬಿಸಿಲು

ರಾಯಚೂರಿನ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ತಗಡಿನ ಪೆಟ್ಟಿಗೆಯಂಥ ಗೂಡಿನಲ್ಲಿ ಕೋಳಿಗಳು ಬಾಯಿ ತೆರೆದು ಏದುಸಿರು ಬಿಡುವುದನ್ನು ಕಂಡು ಮನೆಯವರು ಕನಿಕರದಿಂದ ಬಾಗಿಲನ್ನು ಸ್ವಲ್ಪ ಓರೆ ಮಾಡಿ ಮಲಗುತ್ತಾರೆ. ಆ ಸಂದಿಯೇ ನಾಯಿಗೆ ಸಾಕು. ಹೀಗಾಗಿ, ಗೂಡು ಬಾಗಿಲು ಹಾಕಿಯೂ ತಂಪಾಗಿರುವಂತೆ ಕಟ್ಟುವುದು ಕಾವಲಿನದೇ ಒಂದು ಭಾಗ. ಹತ್ತು ಹನ್ನೆರಡು ಕೋಳಿಗೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ ಸಾಕು. ಎದುರುಬದುರಿನ ಎರಡು ಗೋಡೆ ಪೂರ್ತಿ ಜಾಲರಿಯವಿರಲಿ. ತಗಡಿನ ಮೇಲೆ ಒಂದು ಗೇಣು ದಪ್ಪ ಭತ್ತದ ಹುಲ್ಲು ಹೊದಿಸಿ. ಗಂಗಾವತಿ ಸುತ್ತಲಿನವರಿಗೆ ಅದನ್ನು ಹುಡುಕಿ ಹೋಗಬೇಕಿಲ್ಲ. ಗೂಡನ್ನು ಎರಡು ಅಡಿ ಎತ್ತರದ ಕಲ್ಲುಕಂಬಗಳ ಮೇಲೆ ನಿಲ್ಲಿಸಿದರೆ ಕೆಳಗಿನಿಂದ ಗಾಳಿಯೂ ಆಡುತ್ತದೆ, ಹೆಗ್ಗಣಕ್ಕೂ ಹತ್ತುವುದು ಕಷ್ಟ. ಬೆಟ್ಟದ ಸಾಲಿನಲ್ಲಿ ಚಿರತೆ ಓಡಾಡುವ ಆನೆಗೊಂದಿ ಕಡೆಯವರು ಮೇಲ್ಛಾವಣಿಯನ್ನೂ ಅಷ್ಟೇ ಗಟ್ಟಿಯಾಗಿ ಬಿಗಿಯಬೇಕು.

ಬಾಗಿಲಿಗೆ ಎರಡು ಚಿಲಕ, ಒಂದು ಮೇಲೆ, ಒಂದು ಕೆಳಗೆ. ಒಂದೇ ಚಿಲಕವಿದ್ದರೆ ನಾಯಿ ಕೆಳಮೂಲೆಯನ್ನು ಮೂತಿಯಿಂದ ಒತ್ತಿ ಬಗ್ಗಿಸುತ್ತದೆ. ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ, ಏಕೆಂದರೆ ಕತ್ತಲಲ್ಲಿ ಅವುಗಳ ಕಣ್ಣು ನಡೆಯುವುದಿಲ್ಲ. ಎಣಿಸಿ, ಆಮೇಲೆ ಚಿಲಕ ಹಾಕಿ. ಮದುವೆ, ಜಾತ್ರೆಗೆ ಹೋಗುವ ದಿನ ಈ ಕೆಲಸ ಯಾರದೆಂದು ಮೊದಲೇ ಗೊತ್ತು ಮಾಡಿ.

ಮೊಟ್ಟೆಯನ್ನು ಸಂಜೆಗೆ ಮುಂಚೆ ತೆಗೆಯಿರಿ. ಉಳಿದ ಕಾಳನ್ನು ರಾತ್ರಿ ಬಿಡಬೇಡಿ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಕಟ್ಟಿಗೆ ರಾಶಿ, ಕಲ್ಲಿನ ಗುಪ್ಪೆ ಗೂಡಿನಿಂದ ದೂರವಿರಲಿ. ಟಾರ್ಚ್ ಬಿಡದೆ ಗೂಡಿಗೆ ಕೈ ಹಾಕುವುದಂತೂ ಬೇಡವೇ ಬೇಡ.

ಮರಿಗಳಿಗೆ ಮೇಲಿನ ಕಾವಲು

ಮೊದಲ ಐದಾರು ವಾರ ಮರಿಗಳನ್ನು ತಾಯಿಯ ಜೊತೆಯಲ್ಲೇ ಮೇಲ್ಗಡೆ ಮುಚ್ಚಿದ ಆವರಣದಲ್ಲಿ ಬಿಡಿ. ಮುನಿರಾಬಾದ್ ಬಳಿಯ ಜಲಾಶಯದಲ್ಲಿ ಮೀನು ಹಿಡಿಯುವವರ ಹಳೆಯ ಬಲೆ ಸಿಕ್ಕರೆ ಅದನ್ನು ಮೇಲೆ ಬಿಗಿದು ಕಟ್ಟಬಹುದು. ಸಡಿಲ ಬಿಟ್ಟರೆ ಹಕ್ಕಿಗಳು ಸಿಕ್ಕಿ ಸಾಯುತ್ತವೆ. ನೆಲಕ್ಕೆ ತಾಗುವಂತೆ ಮಾತ್ರ ಹಾಕಬೇಡಿ, ಹಾವು ಸಿಕ್ಕಿಕೊಂಡರೆ ಬಿಡಿಸುವುದು ಅಪಾಯ.

ಹುಂಜದ ದನಿಗೆ ಕಿವಿ ಕೊಡುವುದನ್ನೂ ಕಲಿಯಿರಿ. ಆಕಾಶದಲ್ಲಿ ಹದ್ದು ಕಂಡರೆ ಅದು ಗಂಟಲಿನಲ್ಲೇ ಒಂದು ಎಳೆದ ದನಿ ಹೊರಡಿಸಿ, ಕತ್ತು ಓರೆ ಮಾಡಿ ಒಂದೇ ಕಣ್ಣಿನಿಂದ ಮೇಲೆ ನೋಡುತ್ತದೆ. ಮರಿಗಳು ಓಡಿ ಗಿಡದಡಿ ಸೇರುತ್ತವೆ. ನಾಯಿ, ಮುಂಗುಸಿ ಕಂಡಾಗಿನ ಕೂಗೇ ಬೇರೆ: ಬಿಟ್ಟುಬಿಡದ ‘ಕೊಕ್ ಕೊಕ್ ಕೊಕ್’, ಮನೆಯೊಳಗಿದ್ದವರನ್ನೂ ಎಬ್ಬಿಸುವಂಥದು. ಈ ಎರಡು ದನಿಗಳ ವ್ಯತ್ಯಾಸ ತಿಳಿದ ನಮ್ಮ ತಾಯಿ ರೊಟ್ಟಿ ಬಡಿಯುತ್ತಲೇ, ಹೊರಗೆ ಬಂದಿರುವುದು ಯಾವುದೆಂದು ಹೇಳುತ್ತಿದ್ದರು.

ಮಾಡಬಾರದ್ದು

ಆ ಬೆಳಿಗ್ಗೆ ಇಬ್ಬರು ಬಂದು ವಿಷ ಇಡು ಎಂದರು. ನನ್ನ ಕೈಯಲ್ಲೂ ಸಿಟ್ಟಿತ್ತು. ಆದರೆ ವಿಷದ ತುಂಡು ಯಾರ ಬಾಯಿಗೆ ಹೋಗುತ್ತದೆಂದು ಹೇಳಲಾಗದು: ಕುರಿಗಾಹಿಯ ನಾಯಿ, ಹದ್ದು, ಕಡೆಗೆ ನಮ್ಮದೇ ಕೋಳಿ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಿರುವ ಜಿಲ್ಲೆ ನಮ್ಮದು. ನಾಯಿಗೆ ವಿಷ ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮುಂಗುಸಿ, ಕಾಡುಬೆಕ್ಕು, ನರಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಬೇಲಿಗೆ ಮನೆಯ ಕರೆಂಟ್ ಕೊಡುವುದಂತೂ ಕೊಲೆಗೆ ಸಮ. ಮೊದಲು ಮುಟ್ಟುವುದು ಮನೆಯ ಮಗುವೇ ಆಗಿರಬಹುದು.

ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಪಂಚಾಯಿತಿಗೆ ಬಾಯಿಮಾತಿನಲ್ಲಿ ಹೇಳದೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಓಣಿಯವರೆಲ್ಲ ಸಹಿ ಹಾಕಿದರೆ ತೂಕ ಹೆಚ್ಚು. ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಭಾನುವಾರ ಕೋಳಿ ಕೊಯ್ದು ಕರುಳು, ಪುಕ್ಕವನ್ನು ತಿಪ್ಪೆಗೆ ಎಸೆಯುವುದೆಂದರೆ ನಾಯಿಗೆ ಕೋಳಿಯ ರುಚಿಯನ್ನು ನಾವೇ ಹಚ್ಚಿದಂತೆ. ಎರಡು ಅಡಿ ಆಳದಲ್ಲಿ ಹೂಳಿ ಸುಣ್ಣ ಸುರಿಯಿರಿ.

ಗಾಯಗೊಂಡು ಉಳಿದವಕ್ಕೆ

ನಮ್ಮ ಹುಂಜ ಸತ್ತಿರಲಿಲ್ಲ. ಬೇವಿನ ಕೊಂಬೆಯ ಮೇಲೆ ಮುದುಡಿ ಕೂತಿತ್ತು. ಮೇಲ್ನೋಟಕ್ಕೆ ಎರಡು ಹನಿ ರಕ್ತ ಬಿಟ್ಟರೆ ಏನೂ ಕಾಣಲಿಲ್ಲ; ರೆಕ್ಕೆಯಡಿಯ ಪುಕ್ಕ ಬಿಡಿಸಿದಾಗ ಬೆರಳ ತುದಿ ಇಳಿಯುವಷ್ಟು ಆಳದ ಎರಡು ತೂತುಗಳಿದ್ದವು. ನಾಯಿ ಕಚ್ಚಿದ ಗಾಯ ಹೀಗೆಯೇ, ಹೊರಗೆ ಚಿಕ್ಕದು, ಒಳಗೆ ಆಳ. ಸುತ್ತಲಿನ ಪುಕ್ಕ ಕತ್ತರಿಸಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ. ರಕ್ತ ಕಂಡರೆ ಉಳಿದ ಕೋಳಿಗಳು ಅಲ್ಲೇ ಕುಕ್ಕುತ್ತವೆ, ಆದ್ದರಿಂದ ಬೇರೆ ಬುಟ್ಟಿಯಲ್ಲಿ ನೊಣ ಕೂರದಂತೆ ಸೊಳ್ಳೆಪರದೆ ಮುಚ್ಚಿ ನೆರಳಿನಲ್ಲಿಡಿ. ಗಾಯ ಆಳವಿದ್ದರೆ ಕಾಯದೆ ಪಶು ಆಸ್ಪತ್ರೆಗೆ ಒಯ್ಯಿರಿ ಅಥವಾ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಬಿಡಿಸಲು ಹೋಗಿ ನಿಮಗೇ ನಾಯಿ ಕಚ್ಚಿದ್ದರೆ ಕೋಳಿಯನ್ನು ಮರೆತು, ಹರಿಯುವ ನೀರು, ಸೋಪಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ.