ಪ್ಲೇಟ್ ಮೇಲಿನ 20, ತಕ್ಕಡಿಯ ಮೇಲಿನ 20

ಹಳೆಯ ಜಿಮ್‌ನಲ್ಲಿ ಬೆಂಚ್ ಪ್ರೆಸ್ (ಬೆಂಚ್ ಮೇಲೆ ಮಲಗಿ, ಎರಡೂ ತುದಿಗೆ ಪ್ಲೇಟ್ ಹಾಕಿದ ಬಾರನ್ನು ಎದೆಯಿಂದ ಮೇಲೆತ್ತುವುದು) 80 ಕೆ.ಜಿ.ಗೆ ಐದು ರೆಪ್ಸ್, ಅಂದರೆ ಬಿಡದೆ ಐದು ಸಲ, ಸಲೀಸಾಗಿ ಬರುತ್ತಿದ್ದವು. ಕೆಲಸದ ಸಮಯ ಬದಲಾಗಿ ಬೇರೊಂದು ಜಿಮ್‌ಗೆ ಸೇರಿದೆ. ಮೊದಲ ವಾರವೇ ಅದೇ 80 ಹಾಕಿಕೊಂಡಾಗ ಮೂರನೆಯ ರೆಪ್‌ನಲ್ಲಿ ಬಾರ್ ಎದೆಯ ಮೇಲೆ ಕೂತುಬಿಟ್ಟಿತು. ಪಕ್ಕದಲ್ಲಿದ್ದವರು ಓಡಿಬಂದು ಎತ್ತಿದರು. ನಿದ್ದೆ ಸಾಲದೇನೋ ಅಂದುಕೊಂಡೆ. ಮುಂದಿನ ವಾರ ಚೆನ್ನಾಗಿ ನಿದ್ದೆ ಮಾಡಿ, ಚೆನ್ನಾಗಿ ತಿಂದು ಹೋದರೂ ಅದೇ ಕಥೆ. ಹದಿನೈದು ದಿನ ನನ್ನ ಮೇಲೇ ಅನುಮಾನಪಟ್ಟ ಮೇಲೆ ಕಬ್ಬಿಣದ ಮೇಲೂ ಒಂದಿಷ್ಟು ಅನುಮಾನಪಡಬೇಕು ಅನ್ನಿಸಿತು.

ಪ್ರಯಾಣದ ಚೀಲ ತೂಗುವ ಡಿಜಿಟಲ್ ಕೈತಕ್ಕಡಿ ಮನೆಯಲ್ಲಿತ್ತು, 50 ಕೆ.ಜಿ. ತನಕ ತೂಗುವಂಥದ್ದು. ಅದನ್ನು ನಂಬುವ ಮೊದಲು ಪರೀಕ್ಷೆ ಮಾಡಿದೆ. ಖಾಲಿ ಬಕೆಟ್ ತೂಗಿ ಬರೆದುಕೊಂಡು, ಅಳತೆಯ ಜಗ್‌ನಲ್ಲಿ 10 ಲೀಟರ್ ನೀರು ಸುರಿದು ಮತ್ತೆ ತೂಗಿದೆ. ಒಂದು ಲೀಟರ್ ನೀರೆಂದರೆ ಹೆಚ್ಚುಕಡಿಮೆ ಒಂದು ಕೆ.ಜಿ., ಅದಕ್ಕಿಂತ ಸುಲಭದ ಬಟ್ಟು ಬೇರೆ ಸಿಗುವುದಿಲ್ಲ. 10 ಲೀಟರ್‌ಗೂ 20 ಲೀಟರ್‌ಗೂ ನನ್ನ ತಕ್ಕಡಿ 50 ಗ್ರಾಂ ಒಳಗೇ ಇತ್ತು. ನನ್ನ ಕೆಲಸಕ್ಕೆ ಅಷ್ಟು ಸಾಕು.

ಪ್ಲೇಟ್ ತೂಗುವುದು ಸುಲಭ. ರಂಧ್ರದಲ್ಲಿ ಪಟ್ಟಿ ತೂರಿಸಿ ಎತ್ತಿದರಾಯಿತು. ತೊಂದರೆ ಕೊಟ್ಟದ್ದು ಬಾರ್. ಎರಡು ಮೀಟರ್‌ಗಿಂತ ಉದ್ದದ ರಾಡನ್ನು ನಡುವೆ ಹಿಡಿದು ತೂಗಹಾಕಿದರೆ ಅದು ಒಂದು ಕಡೆಗೆ ವಾಲುತ್ತದೆ, ತಕ್ಕಡಿಯ ಅಂಕಿ ಒಂದೆಡೆ ನಿಲ್ಲುವುದೇ ಇಲ್ಲ. ಆಮೇಲೆ ಹೊಳೆದ ಉಪಾಯ ಇದು: ಒಂದು ತುದಿಯನ್ನು ಮರದ ದಿಮ್ಮಿಯ ಮೇಲಿಟ್ಟು, ಇನ್ನೊಂದು ತುದಿಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಬಾರ್ ನೆಲಕ್ಕೆ ಸಮಾಂತರವಾಗುವಷ್ಟು ಎತ್ತುವುದು. ತಕ್ಕಡಿ ತೋರಿಸುವುದು ಅರ್ಧ ಭಾರ. ಬಾರನ್ನು ತಿರುಗಿಸಿ, ಅವೇ ಜಾಗಗಳಲ್ಲಿ ಆಸರೆ ಕೊಟ್ಟು, ಇನ್ನೊಂದು ತುದಿಯನ್ನೂ ತೂಗಿ ಎರಡನ್ನೂ ಕೂಡಿದರೆ ಪೂರ್ತಿ ತೂಕ ಸಿಗುತ್ತದೆ.

ಹೊಸ ಜಿಮ್‌ನ ಬಾರ್ 20.1 ಕೆ.ಜಿ. ಬಂತು. ನಾನು ಹಾಕುತ್ತಿದ್ದ 15ರ ನಾಲ್ಕು ಪ್ಲೇಟ್‌ಗಳು 15.2, 15.05, 15.3, 15.1. ಒಟ್ಟು 80.75.

ಒಂದು ಭಾನುವಾರ ಹಳೆಯ ಜಿಮ್‌ಗೆ ಹೋಗಿ ಅಲ್ಲಿನ ಟ್ರೈನರ್ ಹತ್ತಿರ ತೂಗಲು ಅನುಮತಿ ಕೇಳಿದೆ. "ರಾಡು ಇಪ್ಪತ್ತೇ ಸರ್, ಎಲ್ಲಾ ಕಡೆ ಅಷ್ಟೇ ಇರೋದು" ಅಂದರು. ತುದಿಗೆ 8.4, ಇನ್ನೊಂದು ತುದಿಗೂ 8.4. ಅಂದರೆ 16.8. ಟ್ರೈನರ್ ತಾವೇ ಒಮ್ಮೆ ತಕ್ಕಡಿ ಹಿಡಿದು ನೋಡಿದರು, ಅಂಕಿ ಬದಲಾಗಲಿಲ್ಲ. 15ರ ಪ್ಲೇಟ್‌ಗಳು 14.55, 14.4, 14.7, 14.8. ಎಲ್ಲ ಸೇರಿ 75.25. ಎರಡು ಜಿಮ್‌ಗಳ '80'ರ ನಡುವೆ ಐದೂವರೆ ಕೆ.ಜಿ. ಅಂತರ! ವಾರಕ್ಕೊಮ್ಮೆ 2.5 ಏರಿಸಬೇಕು ಅಂತ ಲೆಕ್ಕ ಹಾಕಿ ಬರೆದಿಟ್ಟಿದ್ದ ನನ್ನ ಪುಸ್ತಕದ ಗತಿ ಏನು?

ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬರುತ್ತದೆ ಅನ್ನುವುದು ಪ್ಲೇಟನ್ನು ತಿರುಗಿಸಿ ನೋಡಿದರೆ ತಿಳಿಯುತ್ತದೆ. ಸಾಮಾನ್ಯ ಪ್ಲೇಟ್ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು. ಅಚ್ಚು ಒಂದು ಕೂದಲಷ್ಟು ದಪ್ಪವಾದರೂ, ಒಳಗೆ ಗಾಳಿಗುಳ್ಳೆ ಕೂತರೂ, ರಂಧ್ರ ಸ್ವಲ್ಪ ದೊಡ್ಡದಾದರೂ ತೂಕ ಆಚೀಚೆ ಆಗುತ್ತದೆ. ಅದರ ಮೇಲೆ ಬಣ್ಣ ಬಳಿದು ಅಂಕಿ ಹೊಳೆಯುವಂತೆ ಮಾಡಿದರೆ ಮುಗಿಯಿತು. ಸ್ಪರ್ಧೆಯ ಪ್ಲೇಟ್‌ಗಳನ್ನು ಹಾಗೆ ಬಿಡುವುದಿಲ್ಲ. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟದ ನಿಯಮದಂತೆ 5 ಕೆ.ಜಿ.ಗಿಂತ ಭಾರದ ಯಾವುದೇ ಭಾಗ ಶೇ. 0.1ಕ್ಕಿಂತ ಹೆಚ್ಚು, ಶೇ. 0.05ಕ್ಕಿಂತ ಕಡಿಮೆ ಇರುವಂತಿಲ್ಲ. ಅಂದರೆ 20ರ ಪ್ಲೇಟ್ 20 ಗ್ರಾಂ ಹೆಚ್ಚಿರಬಹುದು ಅಥವಾ 10 ಗ್ರಾಂ ಕಡಿಮೆ ಇರಬಹುದು, ಅಷ್ಟೇ. ಇಷ್ಟು ನಿಖರತೆಗಾಗಿ ಎಷ್ಟೋ ಪ್ಲೇಟ್‌ಗಳ ಹಿಂಬದಿಯಲ್ಲಿ ಸಣ್ಣ ಗುಳಿ ಕೊರೆದು, ಲೋಹ ತುಂಬಿಸಿಯೋ ತೆಗೆದೋ ತೂಕ ಸರಿಪಡಿಸಿರುತ್ತಾರೆ. ನನ್ನ ಹಳೆಯ ಜಿಮ್‌ನ 14.4ರ ಪ್ಲೇಟ್ ಶೇ. 4ರಷ್ಟು ಕಡಿಮೆ. ಇದು ಯಾರೋ ಮಾಡಿದ ಮೋಸ ಅಂತ ನಾನು ಹೇಳುವುದಿಲ್ಲ, ಎರಕದ ಸ್ವಭಾವವೇ ಹಾಗೆ. ಆದರೆ ಒಂದು ತಕ್ಕಡಿ ಇದ್ದರೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿಯನ್ನು ಮೂರು ವರ್ಷ ತಿಳಿಯದೇ ಇದ್ದದ್ದಕ್ಕೆ ಇವತ್ತಿಗೂ ನನಗೆ ಬೇಸರವಿದೆ.

ಎತ್ತುವಾಗ ನನಗೆ ಗೊತ್ತಾಗಲಿಲ್ಲವೇಕೆ? 19ನೇ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಎರ್ನ್ಸ್ಟ್ ವೆಬರ್ ಕಂಡುಕೊಂಡದ್ದು ಇದಕ್ಕೆ ಉತ್ತರ: ಭಾರದ ವ್ಯತ್ಯಾಸ ನಮಗೆ ತಿಳಿಯುವುದು ಗ್ರಾಂ ಲೆಕ್ಕದಲ್ಲಿ ಅಲ್ಲ, ಮೂಲ ಭಾರಕ್ಕೆ ಅದು ಎಷ್ಟು ಪಾಲು ಅನ್ನುವುದರ ಮೇಲೆ. ಎತ್ತುವ ಭಾರಕ್ಕೆ ಆ ಪಾಲು ಸುಮಾರು ಶೇ. 2 ಅನ್ನುತ್ತಾರೆ. 15 ಕೆ.ಜಿ. ಪ್ಲೇಟ್‌ನಲ್ಲಿ 300 ಗ್ರಾಂ ಅತ್ತಿತ್ತ ಆದರೆ ಕೈಗೆ ಅದರ ಸುಳಿವೇ ಸಿಗುವುದಿಲ್ಲ. ಕಣ್ಣಂತೂ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಒಂದೇ ತೂಕದ ಎರಡು ವಸ್ತುಗಳಲ್ಲಿ ಚಿಕ್ಕದ್ದು ಹೆಚ್ಚು ಭಾರ ಅನ್ನಿಸುವ ಭ್ರಮೆಯನ್ನು ಫ್ರಾನ್ಸ್‌ನ ವೈದ್ಯ ಶಾರ್ಪಾಂತಿಯೆ 1891ರಲ್ಲೇ ದಾಖಲಿಸಿದ್ದರು. ಹೊಸ ಜಿಮ್‌ನಲ್ಲಿ 10ರ ಪುಟ್ಟ ಕಬ್ಬಿಣದ ಪ್ಲೇಟ್ 10ರ ದೊಡ್ಡ ರಬ್ಬರ್ ಪ್ಲೇಟ್‌ಗಿಂತ ಭಾರ ಅಂತ ನಾನು ಪಣ ಕಟ್ಟುವಷ್ಟು ಖಚಿತವಾಗಿ ನಂಬಿದ್ದೆ. ತೂಗಿದಾಗ ರಬ್ಬರಿನದೇ 100 ಗ್ರಾಂ ಹೆಚ್ಚಿತ್ತು.

ಹಳೆಯ ಜಿಮ್‌ನ ಅಂಕಿಗಳಲ್ಲಿ ಇನ್ನೊಂದು ವಿಷಯ ಅಡಗಿತ್ತು. 14.55 ಮತ್ತು 14.4 ಒಂದು ಬದಿಗೆ, 14.7 ಮತ್ತು 14.8 ಇನ್ನೊಂದು ಬದಿಗೆ ಬಿದ್ದರೆ ಎರಡು ಬದಿಗಳ ನಡುವೆ 550 ಗ್ರಾಂ ವ್ಯತ್ಯಾಸ. ಬೆಂಚ್‌ನಲ್ಲಿ ನನ್ನ ಬಲಗೈ ಕೆಲವು ದಿನ ಹಿಂದೆ ಬೀಳುತ್ತಿತ್ತು, ಕೆಲವು ದಿನ ಎರಡೂ ಸಮವಾಗಿ ಏಳುತ್ತಿದ್ದವು. ಬಲ ಭುಜ ದುರ್ಬಲ ಅಂತ ಅದಕ್ಕೇ ಬೇರೆ ವ್ಯಾಯಾಮ ಕೂಡ ಮಾಡಿದೆ. ಭುಜದ ತಪ್ಪು ಎಷ್ಟು, ಪ್ಲೇಟ್‌ನ ತಪ್ಪು ಎಷ್ಟು ಅಂತ ಈಗ ಬೇರ್ಪಡಿಸಲಾರೆ.

ತೂಕ ಸರಿ ಇದ್ದರೂ ಹಿಡಿತದ ಅನುಭವ ಬೇರೆಯಾಗುವುದು ಇನ್ನೊಂದು ಕಥೆ. ಹೊಸ ಜಿಮ್‌ನಲ್ಲಿ ಎರಡು ಬಾರ್‌ಗಳಿವೆ, ಎರಡೂ 20ರ ಹತ್ತಿರದವೇ. ಒಂದು 28 ಮಿ.ಮೀ. ದಪ್ಪ, ಪುರುಷರ ವೇಟ್‌ಲಿಫ್ಟಿಂಗ್ ಬಾರ್‌ಗೆ ನಿಗದಿಯಾದ ಅಳತೆ ಅದೇ (ಮಹಿಳೆಯರದು 15 ಕೆ.ಜಿ., 25 ಮಿ.ಮೀ.). ಇನ್ನೊಂದು 30. ಎರಡು ಮಿ.ಮೀ. ಏನು ಮಹಾ ಅನ್ನಿಸಬಹುದು. ಆದರೆ ಸುತ್ತಳತೆಯಲ್ಲಿ ಅದು 6 ಮಿ.ಮೀ.ಗಿಂತ ಹೆಚ್ಚು, ಹೆಬ್ಬೆರಳು ಬೆರಳುಗಳ ಮೇಲೆ ಕೂರಬೇಕಾದ ಜಾಗವನ್ನೇ ಅದು ಕಸಿದುಕೊಳ್ಳುತ್ತದೆ. ಸಾಲದ್ದಕ್ಕೆ ಅದರ ಹಿಡಿಯ ಒರಟು ಗೆರೆಗಳು ಸವೆದು ನುಣುಪಾಗಿವೆ. ಡೆಡ್‌ಲಿಫ್ಟ್‌ನಲ್ಲಿ (ನೆಲದ ಮೇಲಿನ ಬಾರನ್ನು ಹಿಡಿದು ನೆಟ್ಟಗೆ ನಿಲ್ಲುವುದು) ತೆಳು ಬಾರ್ ಹಿಡಿದರೆ 140 ಏಳುತ್ತದೆ. ದಪ್ಪದ್ದು ಹಿಡಿದರೆ 130ಕ್ಕೇ ಬೆರಳು ಬಿಚ್ಚಿಕೊಳ್ಳುತ್ತದೆ, ಬೆನ್ನಿಗೆ ಏನೂ ಆಯಾಸವಾಗಿರುವುದಿಲ್ಲ. ದಪ್ಪ ಬಾರ್‌ನ ಒಂದು ತೋಳು, ಅಂದರೆ ಪ್ಲೇಟ್ ಕೂರುವ ತುದಿಯ ಕೊಳವೆ, ತುಕ್ಕು ಹಿಡಿದು ತಿರುಗುವುದೂ ಇಲ್ಲ. ಬೆಂಚ್‌ಗೆ ಇದರಿಂದ ತೊಂದರೆಯಿಲ್ಲ. ಕ್ಲೀನ್ (ನೆಲದಿಂದ ಬಾರನ್ನು ಒಂದೇ ಏಟಿಗೆ ಭುಜದ ತನಕ ಎತ್ತುವ ವ್ಯಾಯಾಮ) ಮಾಡುವಾಗ ಮಾತ್ರ ಪ್ಲೇಟ್‌ಗಳು ಬಾರ್ ಜೊತೆಗೇ ಸುತ್ತಿ ಮಣಿಕಟ್ಟನ್ನು ತಿರುಚುತ್ತವೆ. ಆ ಬಾರ್‌ನಲ್ಲಿ ನಾನು ಕ್ಲೀನ್ ಮಾಡುವುದನ್ನೇ ಬಿಟ್ಟೆ.

ಡೆಡ್‌ಲಿಫ್ಟ್‌ನಲ್ಲಿ ಪ್ಲೇಟ್‌ನ ಅಗಲವೂ ಲೆಕ್ಕಕ್ಕೆ ಬರುತ್ತದೆ. ಸ್ಪರ್ಧೆಯ ದೊಡ್ಡ ಪ್ಲೇಟ್ 450 ಮಿ.ಮೀ., ಬಾರ್‌ನ ನಡುಮಧ್ಯ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. 35 ಸೆಂ.ಮೀ. ಅಗಲದ ಕಬ್ಬಿಣದ ಪ್ಲೇಟ್‌ಗಳನ್ನಷ್ಟೇ ಹಾಕಿದರೆ ಬಾರ್ 5 ಸೆಂ.ಮೀ. ಕೆಳಗಿಳಿಯುತ್ತದೆ, ಅಷ್ಟು ಹೆಚ್ಚು ಬಗ್ಗಬೇಕು. ನಾನು ಈಗ ಚಿಕ್ಕ ಪ್ಲೇಟ್ ಹಾಕಿದ ದಿನ ಎರಡೂ ಬದಿಯ ಕೆಳಗೆ ಸಮ ದಪ್ಪದ ರಬ್ಬರ್ ಹಾಸು ಇಡುತ್ತೇನೆ.

ನಿಂತ ಕಂಬಿಗಳ ಮೇಲೆ ಬಾರ್ ಜಾರುವ ಸ್ಮಿತ್ ಮಷೀನ್‌ನ ಬಾರ್ ಎಷ್ಟು ಭಾರ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೆಲವಕ್ಕೆ ಹಿಂದೆ ಸರಿತೂಕ ಕಟ್ಟಿರುತ್ತದೆ. ಹೀಗಾಗಿ ಬಾರ್‌ನ ನಡುವೆ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಮೇಲೆಳೆದೆ: 11.2. ನಿಧಾನವಾಗಿ ಕೆಳಗಿಳಿಸಿದೆ: 7.8. ಕಂಬಿಯ ಘರ್ಷಣೆ ಏರುವಾಗ ಭಾರಕ್ಕೆ ಕೂಡುತ್ತದೆ, ಇಳಿಯುವಾಗ ಭಾರದಿಂದ ಕಳೆಯುತ್ತದೆ. ಸರಾಸರಿ 9.5 ಕೆ.ಜಿ. ಅದರ ನಿಜ ಭಾರ, ಉಳಿದ 1.7 ಘರ್ಷಣೆಯದ್ದು. ಕೇಬಲ್ ಮಷೀನ್‌ನಲ್ಲಿ ತೂಕದ ಜೊತೆ ಚಲಿಸುವ ಒಂದು ರಾಟೆ ಇದ್ದರೆ ಕೈಗೆ ಬರುವುದು ಅರ್ಧವೇ. ಆದ್ದರಿಂದ ಮಷೀನ್‌ನ ಅಂಕಿಯನ್ನು ನಾನು ಬೇರೆ ಮಷೀನ್‌ಗೆ ಹೋಲಿಸುವುದಿಲ್ಲ.

ಆಮೇಲೆ ಜಿಮ್ ಮಾಲೀಕರ ಒಪ್ಪಿಗೆ ಪಡೆದು ಎರಡು ಬೆಳಗ್ಗೆ ಕೂತು ಎಲ್ಲ ಪ್ಲೇಟ್‌ಗಳನ್ನೂ ತೂಗಿದೆ. ಹಿಂಬದಿಯಲ್ಲಿ ಬಣ್ಣದ ಪೆನ್ನಿನಿಂದ ನಿಜವಾದ ತೂಕ ಬರೆದೆ. ಹತ್ತಿರದ ತೂಕದವುಗಳಿಗೆ ಒಂದೇ ಅಕ್ಷರ ಕೊಟ್ಟು ಜೋಡಿ ಮಾಡಿದೆ. ಡಂಬಲ್ಸ್‌ನಲ್ಲೂ ಹಾಗೇ, 20ರ ಒಂದು ಜೋಡಿಯಲ್ಲಿ 19.3 ಮತ್ತು 20.2 ಸಿಕ್ಕವು, ಸೆಟ್‌ಗೊಮ್ಮೆ ಕೈ ಬದಲಾಯಿಸುತ್ತೇನೆ. 45 ಪೌಂಡ್‌ನ ನಾಲ್ಕು ಪ್ಲೇಟ್‌ಗಳು 20ರ ಸಾಲಿನಲ್ಲಿ ಬೆರೆತಿದ್ದವು. ಒಂದೊಂದೂ 20.4 ಕೆ.ಜಿ., ಅವನ್ನು ಬೇರೆ ಸ್ಟ್ಯಾಂಡ್‌ಗೆ ಸಾಗಿಸಿದೆವು. ತೆಳು ಬಾರ್‌ಗೆ ಕೆಂಪು ಟೇಪ್ ಸುತ್ತಿದೆ. ಈಗ ನನ್ನ ಪುಸ್ತಕದಲ್ಲಿ ಪ್ರತಿ ಸೆಟ್ ಪಕ್ಕ ಬಾರ್‌ನ ಗುರುತೂ ಇರುತ್ತದೆ.

ಹಳೆಯ ಪುಟಗಳಲ್ಲಿ ನಾನು ಯಾವ ಅಂಕಿಯನ್ನೂ ಹೊಡೆದುಹಾಕಲಿಲ್ಲ. ಒಂದು ಪುಟ ಮಾತ್ರ ನೋವು ಕೊಟ್ಟಿತು. ಹಳೆಯ ಜಿಮ್‌ನಲ್ಲಿ ಮೊದಲ ಸಲ ಬೆಂಚ್ 100 ಎತ್ತಿದ ದಿನ ದೊಡ್ಡದಾಗಿ ಬರೆದು ಚೌಕ ಹಾಕಿದ್ದೆ. ಅಲ್ಲಿನ 20ರ ಪ್ಲೇಟ್‌ಗಳು 19.5, 19.3, 19.6, 19.2, ಬಾರ್ 16.8. ಕೂಡಿದರೆ 94.4.

ಅಲ್ಲಿಂದ ಐದು ತಿಂಗಳು ಹಿಡಿಯಿತು. ಆ ದಿನ ಬೆಳಗ್ಗೆ ಬೇಗ ಹೋಗಿ ನಾಲ್ಕು ಪ್ಲೇಟ್ ಆರಿಸಿದೆ: ಎಡಕ್ಕೆ 20.05 ಮತ್ತು 19.95, ಬಲಕ್ಕೆ 20.1 ಮತ್ತು 19.9. ಕೆಂಪು ಟೇಪಿನ ಬಾರ್ 20.1, ಸ್ಪ್ರಿಂಗ್ ಕ್ಲಿಪ್ ಎರಡೂ ಸೇರಿ 400 ಗ್ರಾಂ. ಒಟ್ಟು 100.5. ಬಾರ್ ಎದೆಗೆ ತಾಗಿ, ಅರ್ಧದಲ್ಲಿ ಒಂದು ಕ್ಷಣ ನಿಂತು, ಆಮೇಲೆ ಎರಡೂ ಕೈ ಒಟ್ಟಿಗೇ ನೆಟ್ಟಗಾದವು.