ಪ್ಯಾಡೆಲ್ ಶುರು ಮಾಡ್ಬೇಕಾ? ಮೊದಲು ಬಾಲ್ ಬಿಡೋದು ಕಲೀರಿ

ಬೆಂಗಳೂರಲ್ಲಿ ಈಗ ಅಲ್ಲಲ್ಲಿ ಸುತ್ತ ಗಾಜು, ಅದರ ಮೇಲೆ ಜಾಲರಿ, ಒಳಗೆ ನೀಲಿ ಟರ್ಫ್ ಇರೋ ಕೋರ್ಟ್‌ಗಳು ಕಾಣ್ತಿವೆ, ಅಲ್ಲಿ ರ‍್ಯಾಕೆಟ್ ಹಿಡಿದು ಆಡೋ ಆಟವೇ ಪ್ಯಾಡೆಲ್. ಪಿಕಲ್‌ಬಾಲ್ ಅಲ್ಲ ಮತ್ತೆ, ಅದು ತೂತಿರೋ ಪ್ಲಾಸ್ಟಿಕ್ ಬಾಲಿನ ಆಟ, ಇಲ್ಲಿ ಬಾಲ್ ಟೆನಿಸ್‌ದೇ ಥರ, ಗಾಳಿ ಒತ್ತಡ ಸ್ವಲ್ಪ ಕಮ್ಮಿ ಅಷ್ಟೆ. 1969ರಲ್ಲಿ ಮೆಕ್ಸಿಕೋದ ಅಕಾಪುಲ್ಕೋದಲ್ಲಿ ಎನ್ರಿಕೆ ಕೊರ್ಕುಯೆರಾ ಅನ್ನೋರು ತಮ್ಮ ಮನೆ ಜಾಗದಲ್ಲೇ ಶುರು ಮಾಡಿದ ಆಟ ಇದು, 1974ರಲ್ಲಿ ಸ್ಪೇನ್‌ನ ಮಾರ್ಬೆಯಾಗೆ ಹೋಯ್ತು, ಇವತ್ತಿಗೂ ಸ್ಪೇನ್ ಮತ್ತು ಅರ್ಜೆಂಟೀನಾದವರದ್ದೇ ದರ್ಬಾರು.

ಸಾಮಾನಿನ ವಿಷಯ ಮೊದಲು ಮುಗಿಸಿಬಿಡೋಣ. ಮೊದಲ ದಿನವೇ ರ‍್ಯಾಕೆಟ್ ತಗೋಬೇಡಿ, ಸಾಮಾನ್ಯವಾಗಿ ಕೋರ್ಟಲ್ಲೇ ಬಾಡಿಗೆಗೆ ಕೊಡ್ತಾರೆ. ಇದಕ್ಕೆ ಶಟಲ್ ರ‍್ಯಾಕೆಟ್ಟಿನ ಥರ ಗಟ್ಟಿಂಗ್, ಅಂದ್ರೆ ತಂತಿ ಹೆಣಿಗೆ, ಇರಲ್ಲ, ಒಳಗೆ ಫೋಮ್, ಮೇಲೆ ಫೈಬರ್‌ಗ್ಲಾಸ್ ಇಲ್ಲಾ ಕಾರ್ಬನ್, ಮಧ್ಯ ತೂತುಗಳು. ಆಮೇಲೆ ತಗೊಳ್ಳೋದಾದ್ರೆ ದುಂಡಗಿನದು, ಮೆತ್ತಗಿರೋದು, 350-360 ಗ್ರಾಂ ಆಸುಪಾಸಿನದು ನೋಡಿ. ಅಂಗಡಿಯವರು ವಜ್ರದ ಆಕಾರದ ಕಾರ್ಬನ್ ರ‍್ಯಾಕೆಟ್ ತೋರಿಸಿ ಪವರ್ ಪವರ್ ಅಂತಾರೆ, ಅದು ತಲೆಭಾರ, ಸರಿಯಾಗಿ ಮಧ್ಯಕ್ಕೆ ತಾಗ್ಲಿಲ್ಲ ಅಂದ್ರೆ ಮೊಣಕೈಗೆ ಪೆಟ್ಟು. ಹಿಡಿಯಲ್ಲಿರೋ ದಾರವನ್ನ ಮಣಿಕಟ್ಟಿಗೆ ಹಾಕ್ಕೊಳ್ಳಿ, ಇದು ರೂಲು ಕೂಡ ಹೌದು, ಪಕ್ಕದಲ್ಲೇ ಪಾರ್ಟ್ನರ್ ನಿಂತಿರ್ತಾರೆ, ಬೆವರಿಗೆ ಕೈ ಜಾರಿದ್ರೆ ಏನಾಗುತ್ತೆ ಅಂತ ಹೇಳ್ಬೇಕಿಲ್ಲ. ಟರ್ಫ್ ಮೇಲೆ ಮರಳು ಇರೋದ್ರಿಂದ ರನ್ನಿಂಗ್ ಶೂ ಜಾರುತ್ತೆ, ಟೆನಿಸ್ ಶೂ ಇದ್ರೆ ಸದ್ಯಕ್ಕೆ ನಡಿಯುತ್ತೆ.

ಆಟಕ್ಕೆ ನಾಲ್ಕು ಜನ ಬೇಕು, ಯಾವಾಗ್ಲೂ ಡಬಲ್ಸ್ ಅಂತಲೇ ಅಂದ್ಕೊಳ್ಳಿ. ಜನ ಸಿಗ್ಲಿಲ್ಲ ಅಂದ್ರೆ ಪ್ಲೇಯೋ ಥರದ ಆ್ಯಪ್‌ನಲ್ಲಿ ನಿಮ್ಮ ಲೆವೆಲ್ಲಿನ ಗೇಮ್ ಹುಡುಕಿ ಸೇರ್ಕೋಬಹುದು, ಬಿಗಿನರ್ ಅಂತ ಮೊದಲೇ ಹೇಳಿಬಿಡಿ. ಕೋರ್ಟ್ ಬಾಡಿಗೆಯನ್ನೂ ನಾಲ್ವರು ಹಂಚ್ಕೊಂಡ್ರೆ ಕೈ ಕಚ್ಚಲ್ಲ.

ಕೋರ್ಟು 20 ಮೀಟರ್ ಉದ್ದ, 10 ಮೀಟರ್ ಅಗಲ. ಸ್ಕೋರು ಟೆನಿಸ್ ಥರಾನೇ, 15, 30, 40. ಮುಖ್ಯವಾದ ರೂಲು ಒಂದೇ: ನೀವು ಹೊಡೆದ ಬಾಲು ಎದುರಾಳಿ ಕಡೆ ಮೊದಲು ನೆಲಕ್ಕೆ ಬೀಳ್ಬೇಕು, ಆಮೇಲೆ ಗಾಜಿಗೆ ತಾಗಲಿ ಜಾಲರಿಗೆ ತಾಗಲಿ ಆಟ ನಡೀತಿರುತ್ತೆ, ಎರಡನೇ ಸಲ ನೆಲ ಮುಟ್ಟೋದ್ರೊಳಗೆ ಅವರು ವಾಪಸ್ ಕಳಿಸ್ಬೇಕು. ನೆಲ ಮುಟ್ಟದೆ ನೇರ ಅವರ ಗಾಜಿಗೆ ಹೋಯ್ತೋ, ಪಾಯಿಂಟ್ ಅವರಿಗೆ. ಇನ್ನೊಂದು ಮಜಾ ಏನಂದ್ರೆ ನಿಮ್ಮ ಕಡೆ ಗಾಜಿಗೆ ನೀವೇ ಹೊಡೆದು ಅಲ್ಲಿಂದ ನೆಟ್ ದಾಟಿಸಬಹುದು, ಆದ್ರೆ ನಿಮ್ಮ ಕಡೆ ಜಾಲರಿಗೆ ಹೊಡೆದು ದಾಟಿಸೋ ಹಾಗಿಲ್ಲ.

ಸರ್ವ್ ಸುಲಭ. ಸರ್ವಿಸ್ ಗೆರೆ ಹಿಂದೆ ನಿಂತು ಬಾಲನ್ನ ಒಂದ್ಸಲ ನೆಲಕ್ಕೆ ಕುಟ್ಟಿ, ಸೊಂಟದ ಮಟ್ಟದಲ್ಲಿ ಇಲ್ಲಾ ಅದಕ್ಕಿಂತ ಕೆಳಗೆ ಹೊಡೆದು, ಎದುರಾಳಿ ಕಡೆ ನೆಟ್‌ಗೂ ಸರ್ವಿಸ್ ಗೆರೆಗೂ ನಡುವೆ ನಿಮಗೆ ಓರೆಯಾಗಿರೋ ಬಾಕ್ಸಿಗೆ ಕಳಿಸೋದು, ಎರಡು ಚಾನ್ಸ್ ಇರುತ್ತೆ. ಬಾಕ್ಸಲ್ಲಿ ಬಿದ್ದು ಗಾಜಿಗೆ ತಾಗಿದ್ರೆ ಓಕೆ, ಬಿದ್ದ ತಕ್ಷಣ ಜಾಲರಿಗೆ ತಾಗಿದ್ರೆ ಫಾಲ್ಟ್, ಅಂದ್ರೆ ಆ ಚಾನ್ಸ್ ಹೋಯ್ತು. ಜೋರಾಗಿ ಹೊಡೆಯೋಕೆ ಹೋಗ್ಬೇಡಿ, ನಿಧಾನಕ್ಕೆ ಪಕ್ಕದ ಗಾಜಿನ ಕಡೆ ಇಟ್ರೆ ಸಾಕು, ಸರ್ವ್ ಮಾಡಿ ನೆಟ್ ಹತ್ರ ನಡ್ಕೊಂಡು ಹೋಗೋಕೂ ಟೈಮ್ ಸಿಗುತ್ತೆ.

ಈಗ ಬರೋದೇ ನಿಜವಾದ ಪಾಠ, ಗಾಜು. ನಮ್ಮಲ್ಲಿ ಬರೋರು ಹೆಚ್ಚಿನವರು ಶಟಲ್ ಆಡಿ ಬಂದೋರು, ಶಟಲ್ ನೆಲ ಮುಟ್ಟಿದ್ರೆ ಮುಗೀತು ಅನ್ನೋದು ಮೈಗೆ ಹತ್ತಿರುತ್ತೆ, ಹಾಗಾಗಿ ಬಾಲ್ ಪಕ್ಕದಲ್ಲಿ ಹಾದುಹೋಗ್ತಿದ್ದಂಗೆ ಕೈ ತಾನಾಗೇ ಬೀಸಿಬಿಡುತ್ತೆ, ಅದೂ ಮಣಿಕಟ್ಟು ತಿರುಗಿಸಿ. ಪ್ಯಾಡೆಲ್‌ನಲ್ಲಿ ಅದು ಬೇಡ. ಆಳಕ್ಕೆ ಬಂದ ಬಾಲನ್ನ ಬಿಟ್ಟುಬಿಡಿ, ಗಾಜಿಗೆ ತಾಗಿ ವೇಗ ಕಳ್ಕೊಂಡು ತಾನೇ ನಿಮ್ಮ ಹತ್ರ ಬರುತ್ತೆ.

ಪ್ರಾಕ್ಟೀಸ್ ಹೀಗೆ. ರ‍್ಯಾಕೆಟ್ಟನ್ನ ಸುತ್ತಿಗೆ ಹಿಡಿದ ಹಾಗೆ ಹಿಡೀರಿ. ಸರ್ವಿಸ್ ಗೆರೆಯಿಂದ ಹಿಂದಿನ ಗಾಜಿಗೆ ಮೂರು ಮೀಟರ್ ಜಾಗ ಇರುತ್ತೆ, ಅದರ ಮಧ್ಯ ನಿಂತ್ಕೊಳ್ಳಿ. ಫ್ರೆಂಡ್‌ಗೆ ನೆಟ್ ಹತ್ರ ನಿಂತು ಕೈಯಲ್ಲೇ ಬಾಲ್ ಎಸೆಯೋಕೆ ಹೇಳಿ, ನೆಲಕ್ಕೆ ಬಿದ್ದು ಗಾಜಿಗೆ ತಾಗೋ ಹಾಗೆ. ಎಸೆದ ತಕ್ಷಣ ಭುಜ ತಿರುಗಿಸಿ ಪಕ್ಕಕ್ಕೆ ನಿಂತು, ರ‍್ಯಾಕೆಟ್ ಕೆಳಗಿಳಿಸಿ ಹಿಂದಕ್ಕೆ ತಂದು, ಚಿಕ್ಕ ಚಿಕ್ಕ ಹೆಜ್ಜೆಲಿ ಬಾಲ್ ಜೊತೆಗೇ ಹಿಂದೆ ಹೋಗಿ, ಗಾಜಿಂದ ಹೊರಗೆ ಬಂತಾ, ಈಗ ಅದರ ಜೊತೆಗೇ ಮುಂದೆ ಬಂದು ನಿಮ್ಮ ಮುಂದಿನ ಕಾಲಿನ ನೇರಕ್ಕೆ ಬಂದಾಗ ಮೊಣಕಾಲು ಬಗ್ಗಿಸಿ ಕೆಳಗಿಂದ ಮೇಲಕ್ಕೆ ಎತ್ತಿ. ಗಾಜಿಗೆ ಬೆನ್ನು ಅಂಟಿಸ್ಕೊಂಡು ನಿಂತ್ರೆ ಬಾಲ್ ಕಾಲಿಗೇ ಬಂದು ಬಡಿಯುತ್ತೆ, ಕೈ ಆಡ್ಸೋಕೆ ಜಾಗ ಇರಲ್ಲ. ಇದೊಂದನ್ನೇ ಕಾಲು ಗಂಟೆ ಮಾಡಿ, ಮ್ಯಾಚ್ ಆಡೋಣ ಅಂತ ಉಳಿದವರು ಗೊಣಗ್ತಾರೆ, ಗೊಣಗಲಿ. ಎರಡು ಗಾಜು ಸೇರೋ ಮೂಲೆ ಬಾಲ್ ಆಮೇಲೆ ನೋಡ್ಕೊಂಡ್ರಾಯ್ತು, ಅದು ಅಭ್ಯಾಸ ಇರೋರಿಗೂ ಆಟ ಆಡಿಸುತ್ತೆ.

ಹಿಂದೆ ಸಿಕ್ಕಿಹಾಕ್ಕೊಂಡಾಗ ಏನು ಹೊಡೀಬೇಕು? ಲಾಬ್. ಎದುರಿನವರ ತಲೆ ಮೇಲಿಂದ ಎತ್ತರಕ್ಕೆ ಎತ್ತಿ ಹಾಕಿ, ಅವರು ಹಿಂದಕ್ಕೆ ಓಡ್ತಾರೆ, ನೀವಿಬ್ರೂ ಒಟ್ಟಿಗೇ ನೆಟ್ ಕಡೆ ಹೋಗಿ. ನೆಟ್ ಯಾರ ಕೈಲಿದೆಯೋ ಪಾಯಿಂಟ್ ಹೆಚ್ಚಾಗಿ ಅವರದ್ದೇ. ಒಬ್ಬರು ಮುಂದೆ ಒಬ್ಬರು ಹಿಂದೆ ನಿಂತ್ರೆ ಮಧ್ಯ ದೊಡ್ಡ ಗ್ಯಾಪ್, ಎದುರಿನವರು ಅಲ್ಲಿಗೇ ಹೊಡೀತಾರೆ. ಬಾಯಿ ಬಿಟ್ಟು ಮಾತಾಡಿ, 'ನಂದು', 'ನಿಂದು', 'ಬಿಡು ಬಿಡು, ಗ್ಲಾಸ್‌ಗೆ ಬರುತ್ತೆ' ಅಂತ.

ಸ್ಮ್ಯಾಶ್ ಬಗ್ಗೆ ಎಲ್ಲರೂ ಮೊದಲೇ ಕೇಳ್ತಾರೆ. ಸಿನಿಮೀಯವಾಗಿ ಹೊಡೆದ ಸ್ಮ್ಯಾಶ್ ಹಿಂದಿನ ಗಾಜಿಗೆ ಬಡಿದು ಎದುರಿನವರಿಗೆ ಸೊಂಟದ ಮಟ್ಟಕ್ಕೆ ಆರಾಮಾಗಿ ಸಿಗುತ್ತೆ, ಅಷ್ಟೊತ್ತಿಗೆ ನಿಮ್ಮ ಬ್ಯಾಲೆನ್ಸ್ ಹೋಗಿರುತ್ತೆ. ಮೊದಲ ಒಂದೆರಡು ತಿಂಗಳು ತಲೆ ಮೇಲೆ ಬಂದ ಬಾಲನ್ನ ಅರ್ಧ ಜೋರಲ್ಲಿ ಆಳಕ್ಕೆ, ಮೂಲೆ ಕಡೆ ತಳ್ಳಿ, ಗಾಜಿಂದ ಜಾಸ್ತಿ ಏಳದ ಹಾಗೆ. ಅದು ಹತ್ತಕ್ಕೆ ಏಳು ಸಲ ಒಳಗೆ ಬೀಳೋಕೆ ಶುರುವಾದ್ಮೇಲೆ ಕೋಚ್ ಹತ್ರ ಸ್ಮ್ಯಾಶ್ ಹೇಳಿಸ್ಕೊಳ್ಳಿ.